ಕಡ್ಡಿಗೆ ಸುತ್ತಿದ ನಾರು

"ಚಿಗವ್ವಾ, ನನ್ನ ಕಾಲಾಗೂ ಶಾವಿಗಿ ಬಂದದ ನೋಡು" ಎಂದು ಸುಜಾತಾ ಪಾದ ಎತ್ತಿ ತೋರಿಸಿದಳು.

ಯುಗಾದಿಯ ಮಧ್ಯಾಹ್ನ. ಮನೆಮಂದಿಯೆಲ್ಲ ಪಡಸಾಲೆಯಲ್ಲಿ ಉಣ್ಣಲು ಕೂತಿದ್ದರು. ಬಸಿದ ಶಾವಿಗೆಗೆ ಬೆಲ್ಲ, ಹಾಲು ಕಲಸಿಕೊಂಡು ತುತ್ತು ಎತ್ತಿದ್ದ ಚಿಕ್ಕಮ್ಮ ಕನಕಮ್ಮ ಬಗ್ಗಿ ನೋಡಿದಳು. ಐದು ವರ್ಷದ ಹುಡುಗಿಯ ಹಿಮ್ಮಡಿಯ ಮೇಲೆ, ಗುಳ್ಳೆ ಒಡೆದ ಜಾಗದಲ್ಲಿ, ಬೆಳ್ಳಗಿನ ಎಳೆಯೊಂದು ಕೀವಿನ ನಡುವಿನಿಂದ ತಲೆ ಹಾಕಿ ಮೆಲ್ಲಗೆ ಹೊರಳುತ್ತಿತ್ತು. ಕನಕಮ್ಮ ತುತ್ತನ್ನು ತಟ್ಟೆಗೆ ಬಿಟ್ಟು, ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಓಡಿದಳು. ಅವಳು ಕಾರಿಕೊಳ್ಳುವ ಸದ್ದು ಒಳಗೆ ಕೂತವರಿಗೆಲ್ಲ ಕೇಳಿಸಿತು. ಆಮೇಲೆ ಯಾರ ಕೈಯೂ ತಟ್ಟೆಗೆ ಹೋಗಲಿಲ್ಲ.

"ನಾರುಹುಣ್ಣು" ಅಂದಳು ಅಜ್ಜಿ ಗೋಪಮ್ಮ. "ಅದಕ್ಕ ಇಷ್ಟ್ಯಾಕ? ನಮ್ಮ ಕೇರ್ಯಾಗ ನಾರು ಬರಲಾರದ ಕಾಲು ಯಾರದು ಅದ? ಉಣ್ರಿ, ಉಣ್ರಿ. ಹಬ್ಬದ ಅನ್ನ."

ಆದರೆ ಗೋಪಮ್ಮನೂ ಉಣ್ಣಲಿಲ್ಲ. ಶಾವಿಗೆಯಷ್ಟನ್ನೂ ಎಮ್ಮೆಯ ಮುಂದೆ ಸುರಿದರು.

ಹುಡುಗಿಯ ಅಪ್ಪ ಸೂಗಪ್ಪ ದೇವದುರ್ಗದಲ್ಲೇ ಒಂದು ಸರ್ಕಾರಿ ಕಚೇರಿಯಲ್ಲಿ ಜವಾನ. ಊರ ಹೊರಗಿನ ಕೇರಿಯಲ್ಲಿ ಖಾಕಿ ಅಂಗಿ ತೊಟ್ಟು ಸಂಬಳಕ್ಕೆ ಹೋಗುತ್ತಿದ್ದವನು ಆಗ ಅವನೊಬ್ಬನೇ. ಅವನ ಎಡಗಾಲಿನ ಮೊಣಕಾಲು ಮಡಚುತ್ತಿರಲಿಲ್ಲ. ಚಿಕ್ಕವನಿದ್ದಾಗ ಇಂಥದೇ ನಾರು ಅರ್ಧಕ್ಕೆ ಹರಿದು, ಒಳಗೇ ಕೊಳೆತು, ಕೀಲು ಸೆಟೆದುಹೋಗಿತ್ತು. ನೆಲದ ಮೇಲೆ ಕೂತು ಉಣ್ಣುವಾಗ ಆ ಕಾಲನ್ನು ಬಾಗಿಲ ಕಡೆ ಉದ್ದಕ್ಕೆ ಚಾಚಿಕೊಂಡೇ ಕೂರಬೇಕು. ಈಗ ಮಗಳ ಹಿಮ್ಮಡಿಯನ್ನು ನೋಡುತ್ತಿದ್ದವನ ಕಣ್ಣು ತನ್ನ ಆ ಕಾಲಿಗೆ ಹೋಯಿತು. ಪಕ್ಕದಲ್ಲಿದ್ದ ಹೆಂಡತಿ ಮಾನಮ್ಮನ ಕಣ್ಣೂ ಅಲ್ಲಿಗೇ ಹೋಗಿತ್ತು.

"ಜೂನಿಗೆ ಸಾಲಿಗೆ ಹಚ್ಚೋದದ" ಅಂದಳು ಮಾನಮ್ಮ. "ಕಾಲು ಹೋಗಬಾರದರೀ. ಏನರ ಆಗ್ಲಿ, ಆಕಿ ಕಾಲು ಹೋಗಬಾರದು."

"ಹೋಗೂದಿಲ್ಲ. ನಾನ ಸುತ್ತತೀನಿ."

ಕೇರಿಯಲ್ಲಿ ನಾರು ಕಟ್ಟುವವನು ಮುದುಕಪ್ಪ. ಸಂಜೆ ಬಂದು, ಗಾಯಕ್ಕೆ ಔಡಲೆಣ್ಣೆ ಹಚ್ಚಿ, ಹೊರಗೆ ಇಣುಕಿದ್ದ ಎಳೆಯ ತುದಿಯನ್ನು ಬೆಂಕಿಕಡ್ಡಿಯೊಂದಕ್ಕೆ ಸಿಕ್ಕಿಸಿ ಸುತ್ತಿ, ಕಡ್ಡಿಯನ್ನು ಬಟ್ಟೆಯಿಂದ ಕಾಲಿಗೆ ಬಿಗಿದು ಕಟ್ಟಿದ.

"ಮುಂಜಾನಿಗೊಂದು ಸುತ್ತು, ಸಂಜಿಗೊಂದು ಸುತ್ತು" ಅಂದ. "ಬಂದಷ್ಟ ಬರಲಿ. ಆಸಿ ಮಾಡಿ ಎಳದ್ಯೋ, ನಿನ್ನ ಕಾಲ ನೋಡ್ಕೋ."

"ನಂದು ನಾ ಎಳದಿದ್ದಿಲ್ಲ. ಎಳದಾಕಿ ಅಲ್ಲಿ ಕೂತಾಳ" ಎಂದ ಸೂಗಪ್ಪ, ತಾಯಿಯ ಕಡೆ ಕೈ ಮಾಡಿ.

ಗೋಪಮ್ಮ ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಿದಳು. "ಹೂಂ, ಎಳದೆ. ಗೌಡನ ಹೊಲಕ್ಕ ಕಳೇ ಕೀಳಾಕ ಹೋಗಬೇಕಿತ್ತು. ಒಂದು ದಿನ ತಪ್ಪಿಸಿದ್ರ ಗೌಡ ಇನ್ನೊಬ್ಬಾಕಿನ್ನ ಕರೀತಿದ್ದ. ಹೊಟ್ಟಿಗೆ ಏನು ನಿನ್ನ ನಾರು ಹಾಕಲೇನು? ಅಷ್ಟಕ್ಕೂ ಸೊಟ್ಟಗಾಲು ಅಂತನ ಸಾಹೇಬ ನಿನ್ನ ಮ್ಯಾಲ ಕರುಣಾ ಮಾಡಿ ನೌಕರಿ ಕೊಟ್ಟ. ನೆಟ್ಟಗಿದ್ದಿ ಅಂದ್ರ ನಿನ್ನ ತಮ್ಮನಂಗ ಸಿಮೆಂಟ್ ಹೊರತಿದ್ದಿ."

"ಹಂಗಾದ್ರ ನಿನ್ನ ಉಪಕಾರ ಅನ್ನು."

"ಅನ್ನು. ತಪ್ಪೇನದ?"

ಮರುದಿನದಿಂದ ಅದು ಮನೆಯ ಕೆಲಸಗಳಲ್ಲಿ ಒಂದಾಯಿತು. ಬೆಳಿಗ್ಗೆ ಕಸ ಹೊಡೆದು, ಎಮ್ಮೆ ಹಿಂಡಿದ ಮೇಲೆ ಸೂಗಪ್ಪ ಕಟ್ಟೆಯ ಮೇಲೆ ಕಾಲು ಚಾಚಿ ಕೂರುವನು. ಮಾನಮ್ಮ ಮಗಳನ್ನು ತೊಡೆಯ ಮೇಲೆ ಹಿಡಿದುಕೊಳ್ಳುವಳು. ಬಟ್ಟೆ ಬಿಚ್ಚಿದ ಕೂಡಲೇ ಸತ್ತ ಇಲಿಯದರಂಥ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಹಳದಿ ನೀರು ಹಿಮ್ಮಡಿಯಿಂದ ಅವನ ಬೆರಳ ಸಂದಿಗೆ ಇಳಿಯುತ್ತಿತ್ತು. ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದರೆ ಎಳೆ ನುಣ್ಣಗೆ, ಜಿಗುಟಾಗಿ ಹೊರಗೆ ಬರುವುದು. ಒಮ್ಮೊಮ್ಮೆ ತಾನೇ ಒಳಗೆ ಸೆಳೆದುಕೊಳ್ಳುವುದು. ಅದು ಜೀವಂತ ಇದೆ, ಈ ಕ್ಷಣ ತನ್ನ ಮಗಳ ಮಾಂಸದ ಒಳಗೆ ಎಲ್ಲೋ ಅದರ ಇನ್ನೊಂದು ತುದಿ ಅಲುಗಾಡುತ್ತಿದೆ ಎಂಬುದು ಅವನಿಗೆ ಸಹಿಸಲು ಆಗುತ್ತಿರಲಿಲ್ಲ.

"ಯಪ್ಪಾ, ಅದಕ್ಕ ಹಸಿವಿ ಆಗ್ತದೇನು?" ಎಂದು ಸುಜಾತಾ ಕೇಳುವಳು.

"ಆಗ್ತದವ್ವಾ."

"ಏನ್ ತಿಂತದ?"

"ಶಾವಿಗಿ" ಎಂದು ಹೇಳಿ, ಮಗಳು ನಗುವಷ್ಟರಲ್ಲಿ ಬಟ್ಟೆ ಕಟ್ಟಿ ಮುಗಿಸುತ್ತಿದ್ದ. ಆಮೇಲೆ ಗೋಡೆಯ ಹಿಂದೆ ಹೋಗಿ ಬಗ್ಗಿ ನಿಂತು, ಬರೀ ಹೊಟ್ಟೆಯಿಂದ ಬರುವ ಕಹಿನೀರನ್ನು ಕಾರುತ್ತಿದ್ದ. ಕೆಂಪು ಸಾಬೂನಿನಿಂದ ಮೊಣಕೈವರೆಗೂ ತೊಳೆದುಕೊಂಡು ಬಂದರೂ ರೊಟ್ಟಿ ಮುರಿಯುವಾಗ ಬೆರಳು ಮೂಸಿ ನೋಡುತ್ತಿದ್ದ. ಮಜ್ಜಿಗೆಯಲ್ಲಿ ಅನ್ನದ ಅಗುಳು ತೇಲಿದರೂ ತಟ್ಟೆ ಸರಿಸುತ್ತಿದ್ದ.

"ನಿಮಗ ಹೇಸಿಗಿ ಬಂದ್ರ ನಾ ಸುತ್ತತೀನಿ ಬಿಡ್ರಿ" ಅಂದಳು ಮಾನಮ್ಮ ಒಂದು ದಿನ.

"ನಿನ್ನ ಕೈ ನಡಗತಾವ."

"ನಿಮ್ಮ ಹೊಟ್ಟಿ ನಡಗತದ."

"ಹೊಟ್ಟಿ ನಡಗಿದ್ರ ನಾರು ಹರಿಯೂದಿಲ್ಲ."

ಹಬ್ಬ ಕಳೆದ ವಾರದಲ್ಲಿ ಆರೋಗ್ಯ ಇಲಾಖೆಯ ಜೀಪು ಕೇರಿಗೆ ಬಂತು. ಮೆಟ್ಟಿಲು ಬಾವಿಯ ಹತ್ತಿರದ ಬೇವಿನ ಗಿಡದ ಕೆಳಗೆ ಮಂದಿಯನ್ನು ಕೂಡಿಸಿ, ಇನ್ಸ್‌ಪೆಕ್ಟರು ಆ ಬಾವಿಯ ನೀರನ್ನೇ ಗಾಜಿನ ಲೋಟದಲ್ಲಿ ಬಿಸಿಲಿಗೆ ಹಿಡಿದರು. ನೀರಿನಲ್ಲಿ ಚುಕ್ಕೆಯಂಥವು ಜಿಗಿದಾಡುತ್ತಿದ್ದವು.

"ನಾರು ಬಂದವರು ಬಾವಿಗೆ ಇಳಿದರೆ ನಾರು ನೀರಿನಲ್ಲಿ ಮರಿ ಬಿಡುತ್ತದೆ. ಆ ಮರಿಯನ್ನು ಈ ಹುಳ ತಿನ್ನುತ್ತದೆ. ಈ ಹುಳವನ್ನು ನೀವು ಕುಡಿಯುತ್ತೀರಿ. ಬರುವ ವರ್ಷ ನಿಮ್ಮ ಕಾಲಲ್ಲಿ ಹೊರಗೆ ಬರುತ್ತದೆ. ತಿಳಿಯಿತಾ?"

"ನೀರಂದ್ಮ್ಯಾಲ ಹುಳ ಇರೂದ ಬಿಡ್ರಿ ಸಾಹೇಬ್ರ" ಎಂದು ಯಾರೋ ಅಂದರು. "ಮೇಲ್ಕೇರಿ ಬಾವ್ಯಾಗ ನಮ್ಮನ್ನ ಬಿಡಸ್ರಿ, ಇದನ್ನ ಕುಡಿಯೂದ ಬಿಡ್ತೀವಿ."

ಮಂದಿ ನಕ್ಕರು. ಇನ್ಸ್‌ಪೆಕ್ಟರು ಮನೆಗೊಂದು ತುಂಡು ಬಿಳಿ ಬಟ್ಟೆ ಹಂಚಿ, ಕೊಡದ ಬಾಯಿಗೆ ಕಟ್ಟಿ ನೀರು ಸೋಸಬೇಕೆಂದು ಹೇಳಿ ಹೋದರು.

ಆ ಬಟ್ಟೆಯನ್ನು ಇಸಿದುಕೊಂಡವಳು ಗೋಪಮ್ಮ. ಬೆರಳಲ್ಲಿ ತಿಕ್ಕಿ ನೋಡಿದಳು. ಅಷ್ಟು ನುಣ್ಣನೆಯ ಹೊಸ ಬಟ್ಟೆ ಆ ಮನೆಗೆ ಬಂದು ಎಷ್ಟೋ ಕಾಲವಾಗಿತ್ತು. ಸೂಗಪ್ಪ ಕಚೇರಿಯಿಂದ ಬರುವಷ್ಟರಲ್ಲಿ ಅದು ಕನಕಮ್ಮನ ಮಗ, ಮೂರು ವರ್ಷದ ಅಯ್ಯಣ್ಣನ ತಲೆಯ ಮೇಲೆ ಕುಲಾಯಿಯಾಗಿ ಕೂತಿತ್ತು. ಅಂಚಿಗೆ ಕೆಂಪು ದಾರದ ಹೊಲಿಗೆ ಬೇರೆ.

"ಯವ್ವಾ, ಅದು ನೀರು ಸೋಸಾಕ ಕೊಟ್ಟದ್ದು!"

"ನೀರಿಗೆ ನನ್ನ ಹಳೇ ಸೀರಿ ಅದ ಬಿಡಲೇ. ಕೂಸಿಗೆ ಬಿಸಿಲು ಬಡಿಯಾಕತ್ತದ."

"ಹಳೇ ಸೀರಿ ಜಾಳ ಅದ. ಹುಳ ಹಾಯ್ತಾವ."

"ಹಾಯ್ಲಿ. ನಾನು ಆ ನೀರು ಕುಡದ ಇಷ್ಟು ವಯಸ್ಸಿನಾಕಿ ಆಗೀನಿ. ನಿನ್ನ ಕಚೇರಿ ನೀರು ಕುಡದು ನೀ ಎಷ್ಟು ಎತ್ತರ ಆಗೀದಿ?"

ಕುಲಾಯಿಯಲ್ಲಿ ಅಯ್ಯಣ್ಣ ಚೆಂದ ಕಾಣುತ್ತಿದ್ದ. ಸೂಗಪ್ಪ ಅದನ್ನು ಕಿತ್ತುಕೊಳ್ಳಬೇಕೆಂದು ಕೈ ಮುಂದೆ ಮಾಡಿದ. ಕೂಸು ನಕ್ಕಿತು. ಕೈ ಹಿಂದಕ್ಕೆ ಬಂತು. ಇನ್ನೊಂದು ತುಂಡು ಕೇಳಿ ತಂದರಾಯಿತು ಅಂದುಕೊಂಡ. ಜೀಪು ಮತ್ತೆ ಬರಲಿಲ್ಲ. ಅವನು ಮಾಡಿದ್ದಿಷ್ಟೇ: ಕಚೇರಿಯ ನಲ್ಲಿಯಿಂದ ದಿನಾ ಒಂದು ಡಬ್ಬಿ ನೀರನ್ನು ಸೈಕಲ್ಲಿಗೆ ಕಟ್ಟಿ, ಒಂದೇ ಕಾಲಲ್ಲಿ ತುಳಿಯುತ್ತ ಮನೆಗೆ ತಂದ. ಡಬ್ಬಿ ಮಾನಮ್ಮನ ಕೋಣೆಯಲ್ಲಿ ಇರುತ್ತಿತ್ತು. ಅದು ಸುಜಾತಾಳಿಗೆ.

"ಭಾವ, ನಮ್ಮ ಅಯ್ಯಣ್ಣ ಏನು ಹೊರಗಿನಂವೇನು?" ಎಂದು ಕನಕಮ್ಮ ಗೋಡೆಯ ಕಡೆ ಮುಖ ಮಾಡಿ ಕೇಳಿದಳು.

"ಒಂದು ಡಬ್ಬಿ ಎಷ್ಟು ಮಂದಿಗೆ ಬರ್ತದವ್ವಾ. ಆಕಿಗೆ ಮೈ ಚಲೋ ಇಲ್ಲ."

"ಹೂಂ. ಚಲೋ ಇದ್ದವರು ಹುಳ ಕುಡೀಲಿ."

ನಾರು ಉರಿಯುತ್ತದೆ. ಬಿಸಿಲು ಏರಿದಂತೆ ಹುಡುಗಿ ಕಾಲು ಬಡಿದು ಅಳುತ್ತಿದ್ದಳು. ತಣ್ಣೀರಲ್ಲಿ ಇಟ್ಟರೆ ಉರಿ ಇಳಿಯುತ್ತದೆ, ಎಳೆಯೂ ಸಡಿಲಾಗಿ ಹೊರಗೆ ಬರುತ್ತದೆ. ಕೇರಿಯ ಹೆಂಗಸರು ಹಿಂದಿನಿಂದಲೂ ಮಕ್ಕಳನ್ನು ಬಾವಿಯ ಮೆಟ್ಟಿಲ ಮೇಲೆ ಕೂಡಿಸಿ ಕಾಲು ಇಳಿಬಿಡಿಸುತ್ತಿದ್ದರು. ಇನ್ಸ್‌ಪೆಕ್ಟರ ಮಾತು ಕೇಳಿದ ಸೂಗಪ್ಪ, ಬಾವಿ ಬೇಡ, ಮನೆಯಲ್ಲೇ ನೀರು ತುಂಬಿ ಇಡು ಅಂದ. ತುಂಬಿಡಲು ಆ ಮನೆಯಲ್ಲಿದ್ದ ಅಗಲ ಪಾತ್ರೆ ಒಂದೇ, ರೊಟ್ಟಿಯ ಹಿಟ್ಟು ನಾದುವ ಪರಾತ. ಮಾನಮ್ಮ ಹಿತ್ತಲಲ್ಲಿ ಅದಕ್ಕೆ ನೀರು ಹಾಕಿ ಮಗಳ ಕಾಲು ಇಟ್ಟಳು. ಹುಡುಗಿ ಸುಮ್ಮನಾದಳು. ಆಮೇಲೆ ಬೂದಿ ಹಾಕಿ ತಿಕ್ಕಿ, ಬಿಸಿಲಿಗೆ ಒಣಗಿಸಿ, ಒಲೆಯ ಪಕ್ಕ ತಂದಿಟ್ಟಳು. ಹೇಳಿದರೆ ಬೇಡ ಅನ್ನುತ್ತಾರೆಂದು ಹೇಳಲಿಲ್ಲ.

ಕನಕಮ್ಮನಿಗೆ ಗೊತ್ತಾದದ್ದು ಮೂರನೆಯ ಸಲಕ್ಕೆ. ಅವಳು ಹಿತ್ತಲಿಗೆ ಬಂದಾಗ ಪರಾತದ ನೀರು ಬೆಳ್ಳಗೆ ಕದಡಿತ್ತು. ಅಂಚಿನಲ್ಲಿ ಬೆಳಗಿನ ಹಿಟ್ಟು ಒಣಗಿ ಇನ್ನೂ ಅಂಟಿಕೊಂಡಿತ್ತು.

"ಇದರಾಗ ರೊಟ್ಟಿ ಬಡದೀನಿ ನಾನು! ಮುಂಜಾನಿ ತಿಂದೀವಿ!"

"ತಿಕ್ಕೀನಿ ಕನಕಾ. ಬೂದಿಲೆ ತಿಕ್ಕಿ..."

"ಬೂದಿ! ನಿಮ್ಮ ಮಗಳ ಕೀವು ನಮಗ ತಿನಸಿದಿರೇನಕ್ಕಾ? ಅಯ್ಯಣ್ಣನ ಬಾಯಾಗ ಹಾಕೀನಿ ನಾ!" ಕನಕಮ್ಮ ಪರಾತವನ್ನು ಕಸಿದು ನೀರನ್ನು ಚೆಲ್ಲಿದಳು. ಆ ಎಳೆತಕ್ಕೆ ಹುಡುಗಿಯ ಕಾಲು ಅಂಚಿಗೆ ಬಡಿಯಿತು. ಸುಜಾತಾ ಚೀರಿದಳು. ಮಾನಮ್ಮ ಮೊದಲು ಕಡ್ಡಿ ನೋಡಿದಳು. ಹರಿದಿರಲಿಲ್ಲ.

"ಹರಿದಿದ್ರ ನಿನ್ನ ಕಾಲು ಮುರೀತಿದ್ದೆ" ಅಂದಳು, ದನಿ ಏರಿಸದೆ.

"ಮುರೀರಿ. ಆದರ ಇನ್ನ ಮ್ಯಾಲ ಈ ಮನಿ ಪಾತ್ರಿ ಪದಾರ್ಥಕ್ಕ ಆ ಕಾಲು ಹತ್ತಿಸಿದ್ರ ನಾ ಬ್ಯಾರಿ ಒಲಿ ಹೂಡ್ತೀನಿ."

ಅಸಹ್ಯದ ಮಾತಾದರೂ ಕನಕಮ್ಮ ಹೇಳಿದ್ದರಲ್ಲಿ ತಪ್ಪು ಹುಡುಕುವುದು ಕಷ್ಟವಿತ್ತು. ಶನಿವಾರ ಅವಳ ಗಂಡ ಗದ್ದೆಪ್ಪ ಶಕ್ತಿನಗರದಿಂದ ಬಂದ. ಅಲ್ಲಿ ಕಟ್ಟುತ್ತಿದ್ದ ವಿದ್ಯುತ್ ಕೇಂದ್ರದಲ್ಲಿ ಅವನು ಕಂತ್ರಾಟುದಾರನ ಕೈಕೆಳಗೆ ಕೂಲಿ. ತಲೆಗೂದಲಲ್ಲಿ ಸಿಮೆಂಟು ಇನ್ನೂ ಇತ್ತು. ಹೆಂಡತಿ, ಅತ್ತಿಗೆ ಇಬ್ಬರ ಮಾತೂ ಕೇಳಿ, "ಅಲ್ಲಿ ನಾಡಿಗೆಲ್ಲ ಕರೆಂಟು ಕೊಡೋ ಮನಿ ಕಟ್ಟಾಕತ್ತೀವಿ, ಇಲ್ಲಿ ನೀವು ಒಂದು ಪರಾತಕ್ಕ ಬಡದಾಡಾಕತ್ತೀರಿ. ಬರೂ ವಾರ ಎರಡು ತರ್ತೀನಿ, ಒಬ್ಬಾಕಿಗೊಂದು" ಅಂದ. ತರಲಿಲ್ಲ. ಹೇಳಿದ್ದನ್ನು ನೆನಪೂ ಇಟ್ಟುಕೊಂಡಿರಲಿಲ್ಲ.

ಮಾನಮ್ಮ ಮಗಳನ್ನು ಸೊಂಟಕ್ಕೆ ಹಾಕಿಕೊಂಡು ಮಾನ್ವಿಯ ತವರಿಗೆ ಹೋದಳು. ಕಡ್ಡಿ ಸುತ್ತುವುದನ್ನು ಆ ಹೊತ್ತಿಗೆ ಅವಳು ಗಂಡನನ್ನು ನೋಡಿ ಕಲಿತಿದ್ದಳು.

ತವರಲ್ಲಿ ಅಣ್ಣ ವಿರೂಪಣ್ಣನ ಹೆಂಡತಿ ಹಣಮಮ್ಮ ಬಾಗಿಲಿಗೇ ಬಂದು ಚೆಂಬು ನೀರು ಕೊಟ್ಟಳು, ಕಾಲಿನ ಕಟ್ಟು ನೋಡಿದಳು, ಆಮೇಲೆ ಬಹಳ ಮೆತ್ತಗಿನ ದನಿಯಲ್ಲಿ ಹೇಳಿದಳು: "ಮಕ್ಕಳು ಓಡಾಡೋ ಮನಿ ನೋಡವ್ವಾ. ತಪ್ಪು ತಿಳ್ಕೋಬ್ಯಾಡ. ಆಡಿನ ಕೊಟ್ಟಗಿ ಸಾರಸೀನಿ, ತಂಪದ. ಅಲ್ಲೇ ಹಾಸಿಕೋರಿ."

"ಮಾನವ್ವ ಏನು ಅಂದುಕೊಳ್ಳೂದಿಲ್ಲ" ಅಂದ ವಿರೂಪಣ್ಣ, ತಂಗಿಯ ಮುಖ ನೋಡದೆ.

ಊಟ ಬಾಳೆಲೆಯಲ್ಲಿ ಬರುತ್ತಿತ್ತು, ತೊಳೆಯುವ ತಟ್ಟೆಯಲ್ಲಿ ಅಲ್ಲ. ಕೊಟ್ಟಿಗೆಯಲ್ಲಿ ನೊಣ. ಕಾಲಿನ ಮೇಲೆ ಅವು ಕರಿ ಬಟ್ಟೆ ಹಾಸಿದ ಹಾಗೆ ಕೂರುತ್ತಿದ್ದವು. ಒಂದು ದಿನ ಮಾನಮ್ಮ ಎಲೆ ಬಿಸಾಡಿ ಬರುವುದರೊಳಗೆ ಆಡಿನ ಮರಿಯೊಂದು ಹುಡುಗಿಯ ಹಿಮ್ಮಡಿ ನೆಕ್ಕುತ್ತ ನಿಂತಿತ್ತು; ಸುಜಾತಾ ಕಚಗುಳಿಗೆ ಕಿಲಕಿಲ ನಗುತ್ತಿದ್ದಳು. ಮಾನಮ್ಮ ಮರಿಯನ್ನು ಒದ್ದಳು. ಮಾರನೆಯ ದಿನ ಕಾಲು ಬಾತುಕೊಂಡಿತು, ಜ್ವರ ಬಂತು.

ಸುದ್ದಿ ಮುಟ್ಟಿ ಸೂಗಪ್ಪ ಖಾಕಿ ಅಂಗಿಯಲ್ಲೇ ಮಾನ್ವಿಗೆ ಓಡಿಬಂದ. ಮೂವರೂ ರಾಯಚೂರಿನ ಬಸ್ಸು ಹತ್ತಿದರು. ಕಲ್ಮಲ ದಾಟುವಷ್ಟರಲ್ಲಿ ಅವರ ಮುಂದಿನ ಸೀಟು, ಹಿಂದಿನ ಸೀಟು ಎರಡೂ ಖಾಲಿಯಾಗಿದ್ದವು. ಇಸ್ತ್ರಿ ಧೋತರದ ಒಬ್ಬ ಮೂಗಿಗೆ ಶಲ್ಯ ಒತ್ತಿಕೊಂಡು, "ಕಂಡಕ್ಟರ್, ಏನ್ ಸತ್ತದ್ದು ಹೊತಗೊಂಡು ಹೊಂಟಾರ ಇವರು? ಹಿಂದ ಕೂಡಸ್ರಿ" ಎಂದ.

"ಸತ್ತಿಲ್ರಿ. ಬದುಕ್ಯದ" ಅಂದ ಸೂಗಪ್ಪ. "ನನ್ನ ಮಗಳ ಕಾಲದು."

ಹೇಳಿದನೇ ಹೊರತು ಅವನಿಗೂ ವಾಕರಿಕೆ ಬರುತ್ತಿತ್ತು. ಆ ಧೋತರದವನ ಮೇಲೆ ಬಂದಷ್ಟೇ ಹೇಸಿಗೆ ತನ್ನ ಮೂಗಿನ ಮೇಲೂ ಬಂತು. ಮಗಳ ಕಾಲನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡ. ರಾಯಚೂರು ಬರುವವರೆಗೆ ಖಾಕಿಯ ಮೇಲೆ ಒದ್ದೆ ಕಲೆ ಅಗಲವಾಗುತ್ತ ಹೋಯಿತು.

ದೊಡ್ಡಾಸ್ಪತ್ರೆಯಲ್ಲಿ ಸೂಜಿ ಹಾಕಿದರು, ಗಾಯ ತೊಳೆದರು. "ಹರಿದಿಲ್ಲ, ಚೆನ್ನಾಗಿ ಸುತ್ತಿದ್ದೀರಿ" ಅಂದರು ಡಾಕ್ಟರು. "ಹೀಗೇ ಸುತ್ತಿ. ಇದಕ್ಕೆ ಬೇರೆ ಔಷಧವಿಲ್ಲ. ಹರಿಯಬಾರದು, ಅಷ್ಟೇ."

ದೇವದುರ್ಗಕ್ಕೆ ಮರಳಿದರು. ಜ್ವರ ಇಳಿಯಿತು. ಕನಕಮ್ಮ ಪರಾತವನ್ನು ತನ್ನ ಕೋಣೆಯಲ್ಲಿ ಇಟ್ಟುಕೊಂಡಿದ್ದಳು; ಸಣ್ಣ ಪಾತ್ರೆಗಳನ್ನೂ ಎಣಿಸಿಟ್ಟ ಹಾಗೆ ಕಾಯುತ್ತಿದ್ದಳು. ಬಿಸಿಲು ಮೊದಲಿಗಿಂತ ಹೆಚ್ಚಾಗಿತ್ತು. ಸೂಗಪ್ಪ ಸೈಕಲ್ಲಿನಲ್ಲಿ ತರುವ ನೀರು ಕುಡಿಯಲಿಕ್ಕೇ ಸಾಲದು. ಮಧ್ಯಾಹ್ನ ಹುಡುಗಿ ಅತ್ತು ಅತ್ತು ದನಿ ಬಿದ್ದುಹೋಗುತ್ತಿತ್ತು.

ಆದರೆ ಮೇ ತಿಂಗಳ ಒಂದು ವಾರದಲ್ಲಿ ನಾರು ಇದ್ದಕ್ಕಿದ್ದಂತೆ ಸಡಿಲಾಯಿತು. ಸಂಜೆ ಕಡ್ಡಿ ತಿರುಗಿಸಿದರೆ ಒಂದು ಸುತ್ತಿಗೆ ಬದಲು ಮೂರು ನಾಲ್ಕು ಸುತ್ತು ಸಲೀಸಾಗಿ ಬರುತ್ತಿತ್ತು. ಸೂಗಪ್ಪನಿಗೆ ಖುಷಿಯಾಯಿತು. ಎಳೆಯನ್ನು ನೋಡಿ ಖುಷಿಪಟ್ಟದ್ದು ಅದೇ ಮೊದಲು. ಕಾರಿಕೊಳ್ಳಲೂ ಇಲ್ಲ.

"ಯಪ್ಪಾ" ಅಂದಳು ಸುಜಾತಾ, "ಬಾವ್ಯಾಗ ಸಣ್ಣ ಮೀನ ಅದಾವ. ನನ್ನ ಕಾಲಿಗೆ ಬಂದು ಮೂತಿ ಹಚ್ಚಿ ಹಚ್ಚಿ ಓಡ್ತಾವ."

ಸೂಗಪ್ಪನ ಕೈ ಕಡ್ಡಿಯ ಮೇಲೆ ನಿಂತಿತು. ಹೆಂಡತಿಯನ್ನು ನೋಡಿದ. ಅವಳ ಸೀರೆಯ ಅಂಚು ಮೊಣಕಾಲವರೆಗೆ ಒದ್ದೆಯಾಗಿ ಒಣಗಿದ ಗುರುತು ಇತ್ತು.

"ಇಳಿಸಿದೇನು?"

"ಇಳಿಸಿದೆ."

"ಸಾಹೇಬ್ರು ಹೇಳಿದ್ದು ನೀನೂ ಕೇಳಿದ್ದಿ. ಗೊತ್ತಿದ್ದು ಇಳಿಸಿದಿ?"

"ಗೊತ್ತಿದ್ದ ಇಳಿಸಿದೆ. ಮಧ್ಯಾಹ್ನ ಈ ಕೂಸಿನ ಅಳು ನಿಮಗ ಕೇಳಸೂದಿಲ್ಲ. ನೀವು ಕಚೇರ್ಯಾಗ ಫ್ಯಾನಿನ ಕೆಳಗ ನಿಂತಿರ್ತೀರಿ. ಪರಾತ ಕಸಗೊಂಡ್ರು. ತವರಾಗ ಆಡಿನ ಜೋಡಿ ಮಲಗಿಸಿದ್ರು. ನಾ ಎಲ್ಲಿಡ್ಲಿ ಈ ಕಾಲು? ನನ್ನ ಬಾಯಾಗ ಇಟಗೊಳ್ಳಲೇನು?"

"ಆ ನೀರು ಕೇರಿ ಕುಡೀತದ ಮಾನಾ. ಅಯ್ಯಣ್ಣ ಕುಡೀತಾನ."

"ಕುಡೀಲಿ" ಅಂದಳು. ಅಂದ ಮೇಲೆ ತನ್ನ ಬಾಯನ್ನು ತಾನೇ ಸೆರಗಿನಿಂದ ಒರೆಸಿಕೊಂಡಳು. "ಬರೂ ವರ್ಷದ ಮಾತು ಬರೂ ವರ್ಷ. ನನ್ನ ಮಗಳು ಈಗ ಅಳಾಕತ್ತಾಳ."

ಅವನು ಇನ್ನೇನೋ ಹೇಳಬೇಕಿತ್ತು. ಕೇರಿಗೆ ಹೋಗಿ, ನೀರು ಸೋಸಿಕೊಳ್ಳಿರೋ ಎಂದಾದರೂ ಹೇಳಬಹುದಿತ್ತು. ಹೇಳಿದರೆ ಯಾಕೆ ಎಂದು ಕೇಳುತ್ತಾರೆ. ಅವನು ಕಡ್ಡಿಯನ್ನು ಇನ್ನೊಂದು ಸುತ್ತು ತಿರುಗಿಸಿದ. ಸಲೀಸಾಗಿ ಬಂತು. ಮರುದಿನ ಮಧ್ಯಾಹ್ನ ಹೆಂಡತಿ ಎಲ್ಲಿಗೆ ಹೋಗುತ್ತಾಳೆಂದು ಕೇಳಲಿಲ್ಲ. ಅದರ ಮರುದಿನವೂ ಕೇಳಲಿಲ್ಲ.

ನಾರಿನ ತುದಿ ಒಂದು ಬೆಳಿಗ್ಗೆ ಕಳಚಿ ಕೈಗೆ ಬಂತು. ಮುದುಕಪ್ಪ ಬಂದು ತುದಿಯನ್ನು ಬೆಳಕಿಗೆ ಹಿಡಿದು, "ಇಡಿಯಾಗಿ ಬಂದದ. ಶಾಣ್ಯಾ ಅದಿ" ಅಂದ. ಗೋಪಮ್ಮ ಅದನ್ನು ಒಲೆಗೆ ಹಾಕಲು ಹೋದಾಗ ಕನಕಮ್ಮ, "ಅಡಿಗಿ ಒಲ್ಯಾಗ ಹಾಕಬ್ಯಾಡ್ರತ್ತಿ!" ಎಂದು ಅಡ್ಡ ಬಂದಳು. ಹೊರಗೆ ಸೀಮೆಎಣ್ಣೆ ಸುರಿದು ಸುಟ್ಟರು. ಅದು ಉರಿಯುವಾಗ ಮುರುಟಿದ್ದನ್ನು ಸುಜಾತಾ ಅಪ್ಪನ ಹೆಗಲ ಮೇಲೆ ಕೂತು ನೋಡಿದಳು. ಜೂನಿನಲ್ಲಿ ಶಾಲೆಗೆ ಹೋದಳು. ಎರಡೂ ಕಾಲು ನೆಟ್ಟಗೆ ಊರಿಕೊಂಡು, ಓಡಿಕೊಂಡೇ ಹೋದಳು. ಸೂಗಪ್ಪ ಬಾಗಿಲಲ್ಲಿ ನಿಂತು ನೋಡಿದ. ಅವಳ ಹಿಮ್ಮಡಿಯ ಮೇಲೆ ಹುಣಸೆಬೀಜದಷ್ಟು ಕಲೆ ಉಳಿದಿತ್ತು.

ಮರುವರ್ಷ ಯುಗಾದಿ ಬಂತು. ಈ ಸಲ ಮನೆಯಲ್ಲಿ ಶಾವಿಗೆ ಮಾಡಲಿಲ್ಲ, ಹೋಳಿಗೆ ಮಾಡಿದರು. ಕೇರಿಯಲ್ಲಿ ಅಷ್ಟು ಹೊತ್ತಿಗಾಗಲೇ ಹಲವು ಮನೆಗಳಿಗೆ ಮುದುಕಪ್ಪ ಹೋಗಿ ಬರತೊಡಗಿದ್ದ. ಸೂಗಪ್ಪ ಅವನನ್ನು ದಾರಿಯಲ್ಲಿ ಕಂಡರೆ ಸೈಕಲ್ಲು ತಿರುಗಿಸುತ್ತಿದ್ದ. ಮನೆಗೆ ಬಂದು ಅಯ್ಯಣ್ಣನ ಕಾಲುಗಳನ್ನು, ಯಾರೂ ನೋಡದ ಹಾಗೆ, ಸವರಿ ನೋಡುತ್ತಿದ್ದ.

ಹಬ್ಬದ ದಿನ ಕನಕಮ್ಮ ಮಗನನ್ನು ಎತ್ತಿಕೊಂಡು ಪಡಸಾಲೆಗೆ ಬಂದಳು. ಹುಡುಗನ ಕಣ್ಣು ಅತ್ತು ಬಾತಿದ್ದವು. ಮಾನಮ್ಮನ ತೊಡೆಯ ಮೇಲೆ ಅವನ ಕಾಲು ಇಟ್ಟಳು. ಮೀನಖಂಡದ ಮೇಲೆ ಗುಳ್ಳೆ ಒಡೆದು, ಬೆಳ್ಳಗೆ ಇಣುಕಿತ್ತು.

"ಅಕ್ಕಾ, ನಿಮ್ಮ ಕೈ ಪಳಗ್ಯಾವ. ಸುಜಾತಾಂದು ಹರೀಲಾರದಂಗ ತಗದೀರಿ. ಇವಂದೂ ನೀವ ಸುತ್ರಿ." ಅಷ್ಟು ಹೇಳಿ ಒಳಗೆ ಹೋಗಿ, ನೀರು ತುಂಬಿದ ಪರಾತವನ್ನು ತಾನೇ ಎತ್ತಿ ತಂದು ನಡುವೆ ಇಟ್ಟಳು.

"ಹಿಟ್ಟು ನಾದೂ ಪರಾತ ಅಲ್ಲೇನ ಅದು?" ಎಂದಳು ಗೋಪಮ್ಮ. "ಹೋದ ವರ್ಷದ ಹೇಸಿಗಿ ಎಲ್ಲಿ ಹೋತಬೇ?"

ಕನಕಮ್ಮ ಬಗ್ಗಿ ಮಗನ ಕಾಲಿನ ಕೀವನ್ನು ತನ್ನ ಬರಿಯ ಬೆರಳಿಂದ ಒರೆಸಿದಳು. "ಇವಂದು ಹೇಸಿಗಿ ಬರವಲ್ದತ್ತಿ" ಅಂದಳು.

ಮಾನಮ್ಮ ಕಡ್ಡಿ ಕೈಗೆ ತೆಗೆದುಕೊಳ್ಳಲಿಲ್ಲ. ಗಂಡನ ಕಡೆ ನೋಡಿದಳು. ಸೂಗಪ್ಪ ಬಾಗಿಲ ಕಡೆ ಚಾಚಿದ ತನ್ನ ಕಾಲನ್ನು ನೋಡುತ್ತಿದ್ದ.

"ಕನಕಾ, ಹೋದ ವರ್ಷ ನಾನು..." ಎಂದಳು ಮಾನಮ್ಮ. "ನಾನು ಆಕಿನ್ನ ಬಾವ್ಯಾಗ..."

"ನೋಡೀನಿ."

"ಏನು?"

"ಕೊಡ ತಗೊಂಡು ಬಂದಿದ್ದೆ. ಮ್ಯಾಲ ಗಿಡದ ಹಿಂದ ನಿಂತಿದ್ದೆ. ನೀವು ಎದ್ದು ಹೋದ ಮ್ಯಾಲ ಇಳದು, ಅದ ನೀರು ತುಂಬಿಕೊಂಡು ಬಂದೆ."

"ಯಾಕ ಬೇ ಸುಮ್ಮನಿದ್ದಿ?" ಎಂದು ಗೋಪಮ್ಮ ಕೂಗಿದಳು. "ಬಾಯಿ ಇದ್ದಿಲ್ಲೇನು ನಿನಗ?"

"ಏನಂತ ಅನ್ಲಿ ಅತ್ತಿ? ಪರಾತ ಕಸಗೊಂಡಾಕಿ ನಾನ ಅಲ್ಲೇನು? ಬಾವಿ ಬ್ಯಾಡ ಅಂದಿದ್ರ, ಪರಾತದಾಗ ಇಡ್ರಿ ಅನ್ನಬೇಕಾಗ್ತಿತ್ತು." ಕನಕಮ್ಮ ಮಗನ ಕಾಲನ್ನು ಪರಾತಕ್ಕೆ ಇಳಿಸಿದಳು. ಹುಡುಗ ಬಿಕ್ಕುವುದನ್ನು ನಿಲ್ಲಿಸಿದ. "ಈಗೂ ಏನು ದೊಡ್ಡ ಮಾತಾಡಾಕಿ ನಾನು. ನಿನ್ನಿ ಮಧ್ಯಾಹ್ನ ಇವನ್ನ ಎತಗೊಂಡು ಬಾವಿಗೇ ಹೋಗಿದ್ದೆ. ಪರಾತದ ನೀರು ಲಗೂ ಕಾಯ್ತದ. ಬಾವಿ ನೀರು ತಂಪ."

ಮಾನಮ್ಮ ಕಡ್ಡಿ ಎತ್ತಿಕೊಂಡು, ಎಳೆಯ ತುದಿಯನ್ನು ಹಿಡಿದು, ಮೊದಲ ಸುತ್ತು ಸುತ್ತಿದಳು. ಅವಳ ಕೈ ನಡುಗಲಿಲ್ಲ.

ಸುಜಾತಾ ಬೀದಿಯಿಂದ ಓಡಿಬಂದಳು. ಮುಖವೆಲ್ಲ ಬೆವರು. "ಯಪ್ಪಾ, ನೀರು."

ಸೂಗಪ್ಪ ಎದ್ದು ಕೋಣೆಗೆ ಹೋದ. ಹಬ್ಬದ ಸೂಟಿ, ಕಚೇರಿ ಮುಚ್ಚಿತ್ತು. ಡಬ್ಬಿ ಬರಿದಾಗಿತ್ತು. ಪಡಸಾಲೆಯ ಮೂಲೆಯಲ್ಲಿ ಬಾವಿಯ ನೀರಿನ ಕೊಡ ಇತ್ತು. ನಿನ್ನೆ ಸಂಜೆ ತಂದ ನೀರು. ಅದನ್ನು ನೋಡುತ್ತ ನಿಂತ. ಆ ನೀರನ್ನು ಮುಟ್ಟಲೂ ಅವನಿಗೆ ಆಗಲಿಲ್ಲ. ನಾರನ್ನು ಮುಟ್ಟಿದ್ದ ಕೈ ಅದು, ಆದರೂ ಆಗಲಿಲ್ಲ.

"ಯಪ್ಪಾ, ನೀರು ಕೊಡಪ್ಪಾ" ಎಂದಳು ಮಗಳು.

ಗೂಟಕ್ಕೆ ಅಯ್ಯಣ್ಣನ ಕುಲಾಯಿ ನೇತಾಡುತ್ತಿತ್ತು. ಸೂಗಪ್ಪ ಅದನ್ನು ತೆಗೆದು, ಕೆಂಪು ದಾರದ ಹೊಲಿಗೆಯನ್ನು ಹಲ್ಲಿನಿಂದ ಕಡಿದು ಬಿಚ್ಚಿದ. ಒಂದು ವರ್ಷದ ಬೆವರು, ಕೊಬ್ಬರಿ ಎಣ್ಣೆ, ಜೊಲ್ಲು ಎಲ್ಲ ಹೀರಿಕೊಂಡು ಬಟ್ಟೆ ಹಳದಿಗಟ್ಟಿತ್ತು. ಮೂಗಿನ ಹತ್ತಿರ ತಂದರೆ ಕಮಟು ವಾಸನೆ ಹೊಡೆಯುತ್ತಿತ್ತು. ಒಗೆಯಬೇಕೆಂದರೂ ಇದ್ದದ್ದು ಅದೇ ನೀರು. ಬಟ್ಟೆಯನ್ನು ಖಾಲಿ ಕೊಡದ ಬಾಯಿಗೆ ಬಿಗಿದು ಕಟ್ಟಿ, ತುಂಬಿದ ಕೊಡವನ್ನು ಎತ್ತಿ ನೀರು ಸುರಿದ. ನೀರು ಕೆಳಗೆ ಇಳಿದ ಮೇಲೆ ಬಟ್ಟೆಯ ಮೇಲೆ ಸಣ್ಣ ಚುಕ್ಕೆಗಳು ಒದ್ದಾಡುತ್ತ ಉಳಿದವು. ಬಟ್ಟೆ ಬಿಚ್ಚಿ ಅಂಗಳದ ಬಿಸಿಲಿಗೆ ಝಾಡಿಸಿ ಬಂದ.

ಎರಡು ಲೋಟ ತುಂಬಿದ. ಒಂದನ್ನು ಪರಾತದ ಪಕ್ಕ, ಅಯ್ಯಣ್ಣನ ಕೈಗೆ ಕೊಟ್ಟ. ಇನ್ನೊಂದನ್ನು ಮಗಳಿಗೆ.

ಸುಜಾತಾ ಬಾಯಿಗೆ ಹಚ್ಚಿ ಮುಖ ಕಿವಿಚಿದಳು. "ಛೀ, ಅಯ್ಯಣ್ಣನ ತಲಿ ವಾಸನಿ ಬರಾಕತ್ತದ."

"ಹೂಂ ನನ್ನವ್ವಾ" ಅಂದ ಸೂಗಪ್ಪ. "ಮೂಗು ಮುಚಗೊಂಡು ಕುಡಿ."